ಮೂಳೆ ಮುರಿದಿರುವುದು ಎಲ್ಲಿ?

ಕೇಳುಗರೇ, ನಮಸ್ಕಾರ. ಮನೆಯ ಹಿರಿಯರು ರಾತ್ರಿ ಎದ್ದವರು ಜಾರಿ ಬಿದ್ದಿದ್ದಾರೆ. ಒಂದು ಕಾಲು ಗಿಡ್ಡವಾದಂತೆ ಕಾಣುತ್ತಿದೆ, ಪಾದ ಹೊರಕ್ಕೆ ವಾಲಿದೆ. ಎಕ್ಸ್‌-ರೇ ನೋಡಿದ ಡಾಕ್ಟರು ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು ಅನ್ನುತ್ತಾರೆ. ಗಾಬರಿಯಲ್ಲಿ ನಾವು ಹೇಳುವುದು, "ಯಾವುದು ಒಳ್ಳೇದೋ ಅದನ್ನೇ ಹಾಕಿ." ಆದರೆ ಮೊದಲು ಕೇಳಬೇಕಾದ್ದು ಬೇರೆ. ಸರಿಯಾಗಿ ಹೇಳಿ, ಮೂಳೆ ಮುರಿದಿರುವುದು ಎಲ್ಲಿ?

ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಚೆಂಡಿದೆ, ಅದರ ಕೆಳಗೆ ಕತ್ತು. ಚೆಂಡಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಹೆಚ್ಚಾಗಿ ಕತ್ತಿಗೆ ಅಂಟಿಕೊಂಡೇ ಹೋಗುತ್ತವೆ. ಕತ್ತು ಮುರಿದು ಜರುಗಿದರೆ ಅವೂ ಹರಿಯಬಹುದು. ಆಮೇಲೆ ಎಷ್ಟೇ ಚೆನ್ನಾಗಿ ಸ್ಕ್ರೂ ಹಾಕಿದರೂ ರಕ್ತ ಸಿಗದ ಚೆಂಡು ಸಾಯುವ ಭಯ ಇದ್ದೇ ಇರುತ್ತದೆ. ಅದಕ್ಕೇ ವಯಸ್ಸಾದವರಿಗೆ ಸಾಮಾನ್ಯವಾಗಿ ಲೋಹದ ಚೆಂಡು ಕೂರಿಸುತ್ತಾರೆ. ಮುರಿದರೂ ಜರುಗದೆ ಇದ್ದರೆ ಸ್ಕ್ರೂ ಸಾಕಾಗಬಹುದು.

ಚೆಂಡು ಮಾತ್ರವೋ, ಅದು ಕೂರುವ ಸೊಂಟದ ಬಟ್ಟಲೂ ಸೇರಿ ಪೂರ್ತಿ ಕೀಲೋ? 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಮೊದಲು ಚೆನ್ನಾಗಿ ಓಡಾಡಿಕೊಂಡಿದ್ದ ಸುಮಾರು 1,500 ಜನರನ್ನು ಎರಡು ವರ್ಷ ನೋಡಿತು. ಮತ್ತೆ ಆಪರೇಷನ್ ಬೇಕಾದವರು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ. ಪೂರ್ತಿ ಕೀಲಿನವರ ಓಡಾಟ ಸ್ವಲ್ಪ ಮೇಲು, ಅಷ್ಟೇ. ಇನ್ನು ಮೂಳೆಗೆ ಹಿಡಿದು ನಿಲ್ಲಿಸುವ ಸಿಮೆಂಟ್ ಹಾಕಿ ಕೂರಿಸಿದ ಚೆಂಡಿನ ಸುತ್ತ ಮೂಳೆ ಮತ್ತೆ ಮುರಿಯುವುದು ಕಡಿಮೆ. ಸಿಮೆಂಟ್ ಒತ್ತುವ ಹೊತ್ತಿನಲ್ಲಿ ಕೆಲವರ ಬಿಪಿ ಕುಸಿಯುತ್ತದೆ, ಅರಿವಳಿಕೆ ಡಾಕ್ಟರು ಆಗ ಕಣ್ಣಿಟ್ಟಿರುತ್ತಾರೆ.

ಕತ್ತಿನ ಕೆಳಗೆ ಮುರಿದರೆ ಕತೆಯೇ ಬೇರೆ. ಅಲ್ಲಿ ರಕ್ತಕ್ಕೆ ಕೊರತೆ ಇಲ್ಲ, ಮೂಳೆ ಕೂಡಿಕೊಳ್ಳುತ್ತದೆ. ಹೊರಗಿನಿಂದ ಪ್ಲೇಟು ಹಾಕಿ, ಅದರಿಂದ ಚೆಂಡಿನೊಳಕ್ಕೆ ಜಾರುವ ಸ್ಕ್ರೂ ಕೊಡಬಹುದು. ಎದ್ದು ನಿಂತಾಗ ಸ್ಕ್ರೂ ಪ್ಲೇಟಿನ ಕೊಳವೆಯೊಳಗೆ ಜಾರಿ, ಮುರಿದ ತುದಿಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಇಲ್ಲವೇ ಮೂಳೆಯ ಟೊಳ್ಳಿನೊಳಗೆ ಉದ್ದ ರಾಡು ಇಳಿಸಿ, ಅದರ ಮೂಲಕ ಚೆಂಡಿಗೆ ಸ್ಕ್ರೂ ಕೊಡಬಹುದು. ಸುಲಭದ ಮುರಿತದಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಪ್ಲೇಟು ಹಳೇದು, ರಾಡೇ ಮೇಲು ಅಂತ ಸುಮ್ನೆ ಜಾಸ್ತಿ ಖರ್ಚಿಗೆ ಇಳಿಯಬೇಡಿ. ಮುರಿತ ಇನ್ನೂ ಕೆಳಕ್ಕಿದ್ದರೆ, ಅಥವಾ ಮುರಿತದ ಗೆರೆ ಒಳಬದಿಯಿಂದ ಹೊರಬದಿಗೆ ಇಳಿಯುವಂತೆ ಉಲ್ಟಾ ಓರೆಯಾಗಿದ್ದರೆ, ರಾಡೇ ಗಟ್ಟಿ.

ಎರಡರಲ್ಲೂ ನನಗೆ ಮುಖ್ಯವಾಗಿ ಕಾಣುವುದು ಸ್ಕ್ರೂವಿನ ತುದಿ. ಅದು ಚೆಂಡಿನ ನೆತ್ತಿಯಿಂದ ಎಷ್ಟು ದೂರವಿದೆ ಎಂದು ಮುಂದಿನ, ಪಕ್ಕದ ಎರಡೂ ಎಕ್ಸ್‌-ರೇಯಲ್ಲಿ ಅಳೆದು ಕೂಡಿಸುತ್ತಾರೆ. ಮೊತ್ತ 25 ಮಿಲಿಮೀಟರಿಗಿಂತ ಜಾಸ್ತಿ ಆದರೆ, ಮೆತ್ತಗಿನ ಮೂಳೆಯನ್ನು ಸೀಳಿಕೊಂಡು ಸ್ಕ್ರೂ ಹೊರಬರುವ ಅಪಾಯ ಏರುತ್ತದೆ. ದುಬಾರಿ ಲೋಹ ಇದನ್ನು ತಪ್ಪಿಸಲ್ಲ, ಸರ್ಜನ್ನರ ಕೈ ತಪ್ಪಿಸುತ್ತದೆ.

ಡಾಕ್ಟರ ಹತ್ತಿರ ಇನ್ನೊಂದು ಮಾತು ಕೇಳಿ. ಮಾರನೇ ದಿನವೇ ಎಬ್ಬಿಸಿ ನಿಲ್ಲಿಸ್ತೀರಾ, ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದಾ? ಮಲಗಿಯೇ ಇದ್ದರೆ ನ್ಯುಮೋನಿಯಾ, ಬೆನ್ನುಹುಣ್ಣು ಕಾಯುತ್ತಿರುತ್ತವೆ ಅಲ್ವಾ. ನಮಸ್ಕಾರ.