ಭಾನುವಾರ ಸಂಜೆ ನಮ್ಮ ಕ್ರಾಸ್ ಮಕ್ಕಳಿಗೆ ಸಿಗಬಹುದೇ?

ನಮಸ್ಕಾರ. ಮೈಸೂರಿನ ಕುವೆಂಪುನಗರದ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ನನ್ನ ತಲೆಯನ್ನು ಬಿಟ್ಟು ಹೋಗುತ್ತಿಲ್ಲ: "ಗಣೇಶನ ಪೆಂಡಾಲ್‌ಗೆ ನಮ್ಮ ಕ್ರಾಸ್ ಮುಚ್ಚುತ್ತೇವೆ, ಗೃಹಪ್ರವೇಶದ ಶಾಮಿಯಾನಕ್ಕೂ ಮುಚ್ಚುತ್ತೇವೆ. ಮಕ್ಕಳು ಲಗೋರಿ ಆಡಲೆಂದು ಎರಡು ಗಂಟೆ ಮುಚ್ಚಬಹುದೇ?"

ಮುಚ್ಚಬಹುದು. ನ್ಯೂಯಾರ್ಕ್ ಪೊಲೀಸರು 1914ರಲ್ಲೇ ಮಕ್ಕಳ ಆಟಕ್ಕೆಂದು ಬೀದಿಗಳನ್ನು ಬಿಡಿಸಿಕೊಟ್ಟಿದ್ದರು. ಬ್ರಿಟನ್‌ನಲ್ಲಿ 1938ರಲ್ಲಿ ಇದಕ್ಕೆಂದೇ ಕಾನೂನು ಬಂತು. ಕಾರುಗಳು ಹೆಚ್ಚಿದಂತೆ ಮರೆಯಾದ ಈ ಪದ್ಧತಿಯನ್ನು 2009ರಲ್ಲಿ ಬ್ರಿಸ್ಟಲ್‌ನ ಇಬ್ಬರು ತಾಯಂದಿರು ತಮ್ಮ ಬೀದಿಯಲ್ಲಿ ಮತ್ತೆ ಶುರುಮಾಡಿದರು.

ಅಲ್ಲಿನ ಕ್ರಮ ಸರಳ. ಬೀದಿಯ ಎರಡೂ ತುದಿಯಲ್ಲಿ ಅಲ್ಲಿಯವರೇ ಕಾವಲಿಗೆ ನಿಲ್ಲುತ್ತಾರೆ. ಹಾದುಹೋಗಲು ಬಂದ ವಾಹನಗಳನ್ನು ಬೇರೆ ದಾರಿಗೆ ಕಳಿಸುತ್ತಾರೆ. ಅದೇ ಬೀದಿಯವರ ಕಾರು ಬಂದರೆ ಸೀಟಿ ಊದಿ ಮಕ್ಕಳನ್ನು ಪಕ್ಕಕ್ಕೆ ಸರಿಸಿ, ಪಲ್ಲಕ್ಕಿಯ ಮುಂದೆ ದೀವಟಿಗೆಯವರು ನಡೆದಂತೆ ಕಾರಿನ ಮುಂದೆ ನಡೆದು ಮನೆಯವರೆಗೆ ಬಿಟ್ಟುಬರುತ್ತಾರೆ.

ನನಗೆ ಅತಿ ಇಷ್ಟವಾದ ವಿಷಯ ಈಗ ಹೇಳುತ್ತೇನೆ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ವಿದ್ವಾಂಸರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಮೂರು ಬೀದಿಗಳನ್ನು ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. "ಈ ಬೀದಿಯಲ್ಲಿ ನಿಮಗೆ ಸ್ನೇಹಿತರು ಎಷ್ಟು?" ಎಂದು ಮನೆಮನೆಯಲ್ಲೂ ಕೇಳಿದರು. ವಾಹನ ಕಡಿಮೆ ಇದ್ದ ಕಡೆ ಸರಾಸರಿ ಮೂವರು. ಹೆಚ್ಚಿದ್ದ ಕಡೆ 0.9, ಒಬ್ಬರೂ ಪೂರ್ತಿ ಇಲ್ಲ! ಆಮೇಲೆ ನಕ್ಷೆ ಕೊಟ್ಟು, "ನಿಮ್ಮ ಮನೆ ಎಂದು ಅನ್ನಿಸುವುದು ಎಲ್ಲಿಯವರೆಗೆ? ಗೆರೆ ಎಳೆಯಿರಿ" ಎಂದರು. ಮೊದಲ ಬೀದಿಯವರ ಗೆರೆ ಇಡೀ ಬೀದಿಯನ್ನು ಬಳಸಿ ಬಂತು. ಕೊನೆಯ ಬೀದಿಯವರದು ತಮ್ಮ ಕಟ್ಟಡದ ಗೋಡೆಯನ್ನು ಅಷ್ಟಾಗಿ ದಾಟಲಿಲ್ಲ. ಈ ನಕ್ಷೆಗಳನ್ನು ಸ್ವಲ್ಪ ಹೊತ್ತು ತೆರೆಯ ಮೇಲೆ ಇಡುತ್ತೇನೆ, ನಿಧಾನವಾಗಿ ನೋಡಿ. ಎದುರು ಮನೆಯ ಅಜ್ಜಿಯ ಹೆಸರು ಗೊತ್ತಿಲ್ಲದೆ ಬೆಳೆಯುವ ಮಗುವಿನ ನಕ್ಷೆ ಹೇಗಿರುತ್ತದೆ, ಯೋಚಿಸಿ.

ಕಾನೂನು? 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ, ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ರಾಜ್ಯ ಸರ್ಕಾರವಾಗಲಿ, ಅದು ಅಧಿಕಾರ ಕೊಟ್ಟವರಾಗಲಿ ಒಂದು ರಸ್ತೆಯಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸಬಹುದು. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ ಪ್ರಕಟಣೆಯೂ ಬೇಡ, ಸ್ಥಳೀಯವಾಗಿ ಜನರಿಗೆ ತಿಳಿಸಿದರೆ ಸಾಕು. ದಸರೆಗೆ ಅರಮನೆ ಸುತ್ತಲಿನ ರಸ್ತೆಗಳಲ್ಲಿ ವಾಹನ ನಿಲ್ಲಿಸುವ ನಗರಕ್ಕೆ ಒಂದು ಕ್ರಾಸ್ ದೊಡ್ಡ ಮಾತಲ್ಲ.

"ಪಾರ್ಕ್ ಇದೆಯಲ್ಲ" ಎನ್ನುವವರಿಗೆ: ಆರು ವರ್ಷದ ಮಗು ಮುಖ್ಯರಸ್ತೆ ದಾಟಿ ಒಂಟಿಯಾಗಿ ಪಾರ್ಕಿಗೆ ಹೋಗಲಾರದು, ಅನೇಕ ಪಾರ್ಕುಗಳಲ್ಲಿ ಚೆಂಡಾಟಕ್ಕೂ ಬಿಡುವುದಿಲ್ಲ.

ಸಮಯ ಮೀರುತ್ತಿದೆ, ಉಳಿದದ್ದು ಒಟ್ಟಿಗೆ. ಬಸ್ ಓಡುವ ರಸ್ತೆ ಬೇಡ, ಒಳಗಿನ ಕ್ರಾಸ್ ಸಾಕು. ಮೊದಲು ಎಲ್ಲ ಮನೆಗಳಿಗೂ ಹೋಗಿ ಒಪ್ಪಿಗೆ ಪಡೆಯಿರಿ, ಬಾಡಿಗೆದಾರರನ್ನು ಬಿಡಬೇಡಿ. ಸಹಿ ಹಾಕಿದ ಅರ್ಜಿ ಸಂಚಾರ ಪೊಲೀಸ್ ಠಾಣೆಗೂ ಪಾಲಿಕೆಗೂ ಹೋಗಲಿ. ತುದಿಯಲ್ಲಿ ಕಲ್ಲು ಇಡಬೇಡಿ, ಆಂಬುಲೆನ್ಸ್ ಬಂದರೆ ಒಬ್ಬರೇ ಎತ್ತಿಡಬಹುದಾದ ಹಗುರ ಬ್ಯಾರಿಕೇಡ್ ಇರಲಿ. ಮತ್ತೆ, ಏನು ಆಡಬೇಕೆಂದು ದೊಡ್ಡವರು ಪಟ್ಟಿ ಮಾಡಲು ಹೋಗಬೇಡಿ. ಅದನ್ನು ಮಕ್ಕಳು ನೋಡಿಕೊಳ್ಳುತ್ತಾರೆ.