ಕಾರಿನ ಮುಂಬದಿಗೆ ಚಿಕ್ಕ ದೀಪಗಳು: ಕೂರಿಸುವ ಎತ್ತರ, ವೈರಿಂಗು, ಬೆಳಕಿನ ದಿಕ್ಕು

ಕೇಳುಗ ಬಂಧುಗಳಿಗೆ ನಮಸ್ಕಾರ.

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಗೋಕಾಕ ಸೀಮೆಯ ರಸ್ತೆಗಳ ಮೇಲೆ ರಾತ್ರಿಯ ಸಂಚಾರದ ಸ್ವರೂಪವೇ ಬದಲಾಗಿಬಿಡುತ್ತದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಕೆಂಪು ದೀಪವಿಲ್ಲದೆ, ಅಂಟಿಸಿದ ರಿಫ್ಲೆಕ್ಟರ್ ಪಟ್ಟಿಯೂ ಹೊರಚಾಚಿದ ಕಬ್ಬಿನ ಮರೆಗೆ ಸರಿದು ಸಾಗುವ ಟ್ರ್ಯಾಕ್ಟರುಗಳು, ಯಾವ ದೀಪವೂ ಇಲ್ಲದ ಚಕ್ಕಡಿಗಳು, ಟಯರ್ ಒಡೆದು ಅಂಚಿನಲ್ಲಿ ನಿಂತ ಗಾಡಿಗಳು, ಇವೆಲ್ಲ ತೀರ ಹತ್ತಿರ ಬಂದ ಮೇಲೆಯೇ ಕಣ್ಣಿಗೆ ಬೀಳುತ್ತವೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳ ದಂಡೆಯ ಊರುಗಳಲ್ಲಿ, ಕೊರ್ತಿ-ಕೊಲ್ಹಾರ ಸೇತುವೆಯ ಆಸುಪಾಸಿನಲ್ಲಿ ಮಂಜು ಇಳಿದಿರುತ್ತದೆ. ಮಳೆಗಾಲದಲ್ಲಿ ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಟ್ಟದ ಕಡೆಗೆ ಹೊರಟವರಿಗೆ ಹಗಲು ಹೊತ್ತಿನಲ್ಲಿಯೇ ಕಾವಳ ಕವಿದು ದಾರಿ ಕಾಣದಾಗುತ್ತದೆ. ಹೀಗಿರುವಾಗ ಕಾರಿನ ಮುಂಬದಿಗೆ ಇನ್ನೆರಡು ಚಿಕ್ಕ ದೀಪಗಳನ್ನು ಹಾಕಿಸಿಕೊಳ್ಳೋಣವೆಂದು ನಮ್ಮ ಭಾಗದ ಜನ ಬಯಸುವುದು ಸಹಜವೇ ಆಗಿದೆ. ಆ ದೀಪಗಳನ್ನು ಹೇಗೆ ಕೂರಿಸಬೇಕು, ಅವುಗಳಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ವಾಹನಗಳ ವಿದ್ಯುತ್ ಕೆಲಸ ಮಾಡುವವನಾಗಿ ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಈ ದೀಪಗಳಲ್ಲಿ ಎರಡು ಜಾತಿಗಳಿವೆ. ಅಂಗಡಿಗೆ ಹೋಗುವ ಮೊದಲು ಈ ಭೇದವನ್ನು ತಿಳಿದಿರಬೇಕು. ಒಂದು, ಬೆಳಕನ್ನು ಬಹುದೂರಕ್ಕೆ ಎಸೆಯುವ ಡ್ರೈವಿಂಗ್ ಲ್ಯಾಂಪ್. ಇದು ಅಪ್ಪರ್, ಅಂದರೆ ಹೆಡ್‌ಲೈಟಿನ ದೂರದ ಬೆಳಕಿನ ಜೊತೆಗಾರ. ಡಿಪ್ಪರ್, ಅಂದರೆ ತಗ್ಗಿಸಿದ ಬೆಳಕು ಹಾಕಿದ ಕೂಡಲೇ ತಾನೂ ಆರಿಹೋಗುವಂತೆ ಇದರ ವೈರಿಂಗ್ ಇರಲೇಬೇಕು. ಇನ್ನೊಂದು ಫಾಗ್ ಲ್ಯಾಂಪ್, ಅಂದರೆ ಮಂಜಿನ ದೀಪ. ಇದರ ಬೆಳಕು ಅಗಲವಾಗಿಯೂ ಚಪ್ಪಟೆಯಾಗಿಯೂ ಹರಡಿ, ಮೇಲ್ಭಾಗದಲ್ಲಿ ಗೆರೆ ಎಳೆದಂತೆ ಕತ್ತರಿಸಿರುತ್ತದೆ. ಕಾರಿನ ಮುಂದಿನ ಹತ್ತಿಪ್ಪತ್ತು ಮೀಟರ್ ನೆಲ, ಡಾಂಬರಿನ ಅಂಚು, ಎಡಬಲದ ತಗ್ಗು, ತಿರುವಿನ ಒಳಬದಿ, ಇವನ್ನು ತೋರಿಸುವುದೇ ಇದರ ಕೆಲಸ. ಹೊಲದ ದಾರಿಯಲ್ಲಿ ರಾತ್ರಿ ನಡೆಯುವವನು ಲಾಟೀನನ್ನು ಮುಖದ ಮಟ್ಟಕ್ಕೆ ಎತ್ತದೆ ಕಾಲಿನ ಬಳಿ ತಗ್ಗಿಸಿ ಹಿಡಿಯುತ್ತಾನಲ್ಲವೇ, ಮಂಜಿನ ದೀಪದ ತತ್ವವೂ ಅದೇ ಆಗಿದೆ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು ೨೨ ಮೀಟರ್ ಸಾಗುತ್ತದೆ. ಎದುರಿಗೆ ಏನೋ ಇದೆಯೆಂದು ಕಂಡು, ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡು ಹಿಡಿಯಿತೆಂದರೆ ೩೩ ಮೀಟರ್ ಅಲ್ಲಿಯೇ ಕಳೆಯಿತು. ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ ಸುಮಾರು ೩೫ ಮೀಟರ್ ಬೇಕು. ಮಂಜಿನ ದೀಪ ಈ ದೂರವನ್ನು ಬೆಳಗುವುದಿಲ್ಲ, ಬೆಳಗುವಂತೆ ಅದನ್ನು ಮಾಡಿಯೂ ಇಲ್ಲ. ಆದ್ದರಿಂದ ದೀಪ ಹಾಕಿಸಿದೆನೆಂಬ ಧೈರ್ಯದಲ್ಲಿ ವೇಗ ಹೆಚ್ಚಿಸಿದವರಿಗೆ ಅದರಿಂದ ಅಪಾಯವೇ ಹೆಚ್ಚು. ವೇಗ ತಗ್ಗಿಸಿ ಹೋಗುವವರಿಗೆ ಮಾತ್ರ ಅದು ನಿಜವಾದ ಸಹಾಯ ಮಾಡುತ್ತದೆ.

ಇನ್ನು ಕೂರಿಸುವ ಜಾಗದ ವಿಚಾರ. ಮಂಜಿನಲ್ಲಿ ಅಪ್ಪರ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಂತಂತಾಗುವುದು ಎಲ್ಲರ ಅನುಭವ. ಗಾಳಿಯಲ್ಲಿ ತೇಲುವ ನೀರಿನ ಕಣಗಳು ಬೆಳಕನ್ನು ಚದುರಿಸಿ, ಅದರಲ್ಲೊಂದು ಪಾಲನ್ನು ಚಾಲಕನ ಕಣ್ಣಿನ ಕಡೆಗೇ ಹಿಂದಿರುಗಿಸುವುದು ಇದಕ್ಕೆ ಕಾರಣ. ದೀಪ ಕಣ್ಣಿನ ಮಟ್ಟಕ್ಕೆ ಹತ್ತಿರವಾದಷ್ಟೂ ಈ ಹಿಂಬೆಳಕು ಹೆಚ್ಚಾಗುತ್ತದೆ, ಕೆಳಗಿಳಿದಷ್ಟೂ ಕಡಿಮೆಯಾಗುತ್ತದೆ. ಹಾಗಾಗಿ ಮಂಜಿನ ದೀಪದ ಜಾಗ ಬಂಪರಿನ ಕೆಳಭಾಗವೇ ಆಗಿರಬೇಕು. ವಿಶ್ವಸಂಸ್ಥೆಯ ೪೮ನೆಯ ವಾಹನ ನಿಯಮದ ಪ್ರಕಾರ ಕಾರಿನ ಮಂಜಿನ ದೀಪ ನೆಲದಿಂದ ೨೫ ಸೆಂಟಿಮೀಟರಿಗಿಂತ ಕೆಳಗೂ ೮೦ ಸೆಂಟಿಮೀಟರಿಗಿಂತ ಮೇಲೂ ಇರಕೂಡದು, ಡಿಪ್ ದೀಪಕ್ಕಿಂತ ಎತ್ತರದಲ್ಲಿರಕೂಡದು, ಕಾರಿನ ಹೊರ ಅಂಚಿನಿಂದ ೪೦ ಸೆಂಟಿಮೀಟರಿಗಿಂತ ಒಳಗೆ ಸರಿಯಕೂಡದು. ತೀರ ಕೆಳಗೆ ಹಾಕಿದರೆ ನಮ್ಮ ಎರೆಭೂಮಿಯ ಹಾದಿಗಳಲ್ಲಿ ಮೊದಲ ಮಳೆಗೇ ಗಾಜು ಕೆಸರಿನಿಂದ ಮುಚ್ಚುತ್ತದೆ, ರಸ್ತೆ ಉಬ್ಬಿಗೆ ತಾಗಿ ಬ್ರಾಕೆಟ್ ಮುರಿಯುತ್ತದೆ.

ಅನೇಕ ಕಾರುಗಳ ಕಡಿಮೆ ಬೆಲೆಯ ಮಾದರಿಗಳಲ್ಲಿ ಬಂಪರಿನ ಎರಡೂ ಬದಿಗೆ ಗುಂಡನೆಯ ಕುಳಿ ಇದ್ದು, ಅದಕ್ಕೊಂದು ಪ್ಲಾಸ್ಟಿಕ್ ಡಮ್ಮಿ ಕವರ್ ಹಾಕಿರುತ್ತಾರೆ. ಅಂಥ ಕಾರಿನವರು ಬೇರೆ ಯೋಚನೆ ಮಾಡದೆ, ಅದೇ ಕಾರಿನ ಮೇಲಿನ ಮಾದರಿಗೆ ಕಂಪನಿ ಕೊಡುವ ದೀಪ, ವೈರಿಂಗ್ ಮತ್ತು ಸ್ವಿಚ್ಚಿನ ಪೂರ್ತಿ ಸೆಟ್ಟನ್ನೇ ಹಾಕಿಸುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ. ಎತ್ತರ, ಅಗಲ, ಕೋನ ಎಲ್ಲವೂ ಅಲ್ಲಿ ಮೊದಲೇ ಸರಿಯಾಗಿ ನಿಗದಿಯಾಗಿರುತ್ತವೆ. ಕುಳಿ ಇಲ್ಲದ ಕಾರಿಗೆ ಬ್ರಾಕೆಟನ್ನು ಒಳಗಿನ ಲೋಹದ ಭಾಗಕ್ಕೆ ಈಗಾಗಲೇ ಇರುವ ಬೋಲ್ಟಿನಲ್ಲಿ ಕೂಡಿಸಬೇಕು. ಬರೀ ಪ್ಲಾಸ್ಟಿಕ್ ಬಂಪರಿಗೆ ತಿರುಪು ಹಾಕಿದರೆ ದೀಪ ನಡುಗುತ್ತದೆ, ಬೆಳಕು ರಸ್ತೆಯ ಮೇಲೆ ಕುಣಿಯುತ್ತದೆ. ಡಿಕ್ಕಿಯ ಹೊಡೆತ ತಾಳಿಕೊಳ್ಳುವ ಅಡ್ಡ ತೊಲೆಗೆ ಹೊಸ ತೂತು ಕೊರೆಯಕೂಡದು. ಏರ್‌ಬ್ಯಾಗಿನ ಸೆನ್ಸರುಗಳು ಮುಂಬದಿಯಲ್ಲಿಯೇ ಇರುವುದರಿಂದ ಅವುಗಳ ಹತ್ತಿರ ಏನನ್ನೂ ಕಟ್ಟಕೂಡದು. ರೇಡಿಯೇಟರಿಗೆ ಗಾಳಿ ಹೋಗುವ ಜಾಲರಿಯ ಮುಂದೆ ದೊಡ್ಡ ದೀಪಗಳ ಸಾಲು ನಿಲ್ಲಿಸಿದರೆ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಕಾಯುತ್ತದೆ.

ದೀಪ ಕೂರಿಸುವ ನೆಪದಲ್ಲಿ ಕಬ್ಬಿಣದ ಗಾರ್ಡ್ ಹಾಕಿಸುವ ರೂಢಿಯೂ ನಮ್ಮಲ್ಲಿದೆ. ೨೦೧೭ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ರಾಜ್ಯಗಳಿಗೆ ಪತ್ರ ಬರೆದು, ಇಂಥ ಗಾರ್ಡುಗಳು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿಗೆ ವಿರುದ್ಧವೆಂದು ಸ್ಪಷ್ಟಪಡಿಸಿದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೧೧ನೆಯ ನಿಯಮವು ನೋಂದಣಿ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ವಾಹನದ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವುದನ್ನು ನಿಷೇಧಿಸುತ್ತದೆ. ೧೦೬ನೆಯ ನಿಯಮ ಇನ್ನೂ ಸೂಕ್ಷ್ಮವಾಗಿದೆ: ದೀಪದಿಂದ ೮ ಮೀಟರ್ ಮುಂದೆ, ಅದರ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಆ ಬೆಳಕು ಕುಕ್ಕದಂತೆ ಕೆಳಕ್ಕೆ ಬಾಗಿರಬೇಕು. ಆ ಅಳತೆಯಲ್ಲಿ ನಿಂತವರು ಯಾರೆಂದು ಯೋಚಿಸಿ ನೋಡಿ: ಎದುರಿನಿಂದ ಬರುವ ಬೈಕ್ ಸವಾರ, ನೀರಿನ ಪಾಳಿಗೆಂದು ಹೊಲಕ್ಕೆ ಹೊರಟ ರೈತ. ೨೦೨೪ರ ಜುಲೈಯಿಂದ ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದ ಪೊಲೀಸರು ಪ್ರಕರಣ ದಾಖಲಿಸಲು ಮುಂದಾದದ್ದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ.

ಈಗ ವೈರಿಂಗಿಗೆ ಬರೋಣ. ಹೆಚ್ಚಿನ ಕೆಲಸಗಳು ಕೆಡುವುದು ಇಲ್ಲಿಯೇ. ೫೫ ವ್ಯಾಟಿನ ಎರಡು ಹ್ಯಾಲೊಜನ್ ದೀಪಗಳು ೧೨ ವೋಲ್ಟಿನಲ್ಲಿ ಕೂಡಿ ಒಂಬತ್ತು ಆಂಪಿಯರಿಗೂ ತುಸು ಹೆಚ್ಚು ಕರೆಂಟ್ ಎಳೆಯುತ್ತವೆ. ಹಣ ಉಳಿಸಲೆಂದು ಕೆಲವರು ಇಷ್ಟು ಕರೆಂಟನ್ನು ತೆಳ್ಳನೆಯ ವೈರಿನಲ್ಲಿ ನೇರವಾಗಿ ಡ್ಯಾಶ್‌ಬೋರ್ಡಿನ ಚಿಕ್ಕ ಸ್ವಿಚ್ಚಿನ ಮೂಲಕ ಹಾಯಿಸುತ್ತಾರೆ. ಹಾಗೆ ಮಾಡಿದ್ದ ಒಂದು ಕಾರಿನ ಸ್ವಿಚ್ಚನ್ನು ಬಿಚ್ಚಿ ನೋಡಿದಾಗ ಹಿತ್ತಾಳೆಯ ಟರ್ಮಿನಲ್ ನೀಲಿಗಪ್ಪಾಗಿ ಸುಟ್ಟು, ಅದರ ಸುತ್ತಲಿನ ಪ್ಲಾಸ್ಟಿಕ್ ಕರಗಿ ಮತ್ತೆ ಗಟ್ಟಿಯಾಗಿತ್ತು; ವೈರಿನ ಮೇಲಿನ ಹೊದಿಕೆ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು, ಒಳಗಿನ ತಾಮ್ರ ಕಪ್ಪಾಗಿತ್ತು. ಅದು ಹೊತ್ತಿಕೊಳ್ಳುವುದಕ್ಕೆ ಇನ್ನೇನೂ ಬಾಕಿ ಇರಲಿಲ್ಲ.

ಇದಕ್ಕೆ ಪರಿಹಾರ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು. ಅಂಗಡಿಯಲ್ಲಿ ಸಿಗುವ ನಾಲ್ಕು ಕಡ್ಡಿಯ ರಿಲೇಯ ಕೆಳಗೆ ೩೦, ೮೫, ೮೬, ೮೭ ಎಂಬ ಸಂಖ್ಯೆಗಳಿರುತ್ತವೆ. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಜ್ ದಾಟಿ ಬಂದ ದಪ್ಪ ವೈರು ೩೦ಕ್ಕೆ, ದೀಪಗಳಿಗೆ ಹೋಗುವ ದಪ್ಪ ವೈರು ೮೭ಕ್ಕೆ ಸೇರಬೇಕು. ೮೫ ಮತ್ತು ೮೬ರ ನಡುವೆ ರಿಲೇಯ ಸುರುಳಿ ಇದೆ. ಅದರ ಒಂದು ತುದಿಗೆ ಅರ್ಥಿಂಗ್ (ಕಾರಿನ ಲೋಹದ ಮೈಗೆ ಜೋಡಣೆ), ಇನ್ನೊಂದಕ್ಕೆ ಸ್ವಿಚ್ಚಿನಿಂದ ಬಂದ ತೆಳು ವೈರು. ಆಗ ಸ್ವಿಚ್ಚಿನ ಮೂಲಕ ಹರಿಯುವುದು ಒಂದು ಆಂಪಿಯರಿನ ಸಣ್ಣ ಪಾಲು ಮಾತ್ರ. ಮಂಜಿನ ದೀಪವಾದರೆ ಆ ಸ್ವಿಚ್ಚಿಗೆ ಕರೆಂಟನ್ನು ಪಾರ್ಕಿಂಗ್ ದೀಪದ ಸಾಲಿನಿಂದ ಪಡೆದರೆ, ದೀಪಗಳನ್ನೆಲ್ಲ ಆರಿಸಿ ಇಳಿಯುವಾಗ ಇವೂ ತಾವಾಗಿ ಆರುತ್ತವೆ, ಬ್ಯಾಟರಿ ಇಳಿಯುವುದಿಲ್ಲ. ಹೊಸ ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಅಲ್ಲಿ ವೈರು ಕತ್ತರಿಸಿ ಜೋಡಿಸುವುದು ಬೇಡ. ಆ ಕಾರಿಗೆಂದೇ ಮಾಡಿದ ಕಪ್ಲರ್ ಇರುವ ವೈರಿಂಗ್ ಸೆಟ್ಟನ್ನು ಬಳಸಬೇಕು.

ಫ್ಯೂಜ್ ಇರುವುದು ದೀಪವನ್ನು ಕಾಯಲಿಕ್ಕೆಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಬ್ಯಾಟರಿಯಿಂದ ಹೊರಟ ವೈರು ಎಲ್ಲಿಯಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ, ಉರಿಯುವ ಮೊದಲು ಫ್ಯೂಜ್ ಹಾರಬೇಕು. ಹಾಗಾಗಬೇಕಾದರೆ ಅದು ಬ್ಯಾಟರಿಗೆ ಒಂದು ಗೇಣಿನೊಳಗೆ ಇರಬೇಕು. ದೀಪದ ಹತ್ತಿರ ಹಾಕಿದರೆ ನಡುವಿನ ಉದ್ದನೆಯ ವೈರಿಗೆ ಯಾವ ರಕ್ಷಣೆಯೂ ಇಲ್ಲ. ೫೫ ವ್ಯಾಟಿನ ಜೋಡಿಗೆ ೨.೫ ಚದರ ಮಿಲಿಮೀಟರ್ ವೈರು, ೧೫ ಆಂಪಿಯರ್ ಫ್ಯೂಜ್ ಸಾಕು. ೨೦ ವ್ಯಾಟಿನ ಎರಡು ಎಲ್‌ಇಡಿ ದೀಪಗಳಾದರೆ ಮೂರೂವರೆ ಆಂಪಿಯರಿನೊಳಗೇ ಮುಗಿಯುವುದರಿಂದ ೫ ಆಂಪಿಯರ್ ಫ್ಯೂಜ್ ನಡೆಯುತ್ತದೆ.

ವೈರಿನ ದಪ್ಪದ ಬಗ್ಗೆ ಜಿಪುಣತನ ಮಾಡಿದರೆ ಬೆಳಕೇ ಸೋರಿಹೋಗುತ್ತದೆ. ೦.೭೫ ಚದರ ಮಿಲಿಮೀಟರಿನ ವೈರಿನಲ್ಲಿ ಐದು ಮೀಟರ್ ದೂರ ಹತ್ತು ಆಂಪಿಯರ್ ಹರಿದರೆ ಒಂದು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಖರ್ಚಾಗುತ್ತದೆ. ಹ್ಯಾಲೊಜನ್ ಬಲ್ಬಿನ ಸ್ವಭಾವವೆಂದರೆ, ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಸುಮಾರು ಮೂರು ಪಾಲು ಇಳಿಯುತ್ತದೆ. ದೀಪ ಮಂಕಾಗಿದೆಯೆಂದು ನೂರು ವ್ಯಾಟಿನ ಬಲ್ಬ್ ಹಾಕಿಸುವವರ ಗಾಡಿಯಲ್ಲಿ ಅನೇಕ ಸಲ ಕೊರತೆ ಇರುವುದು ವೈರಿನಲ್ಲಿ ಅಥವಾ ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟಿನಲ್ಲಿ. ಬಣ್ಣ ಕೆರೆದು ಹೊಳೆಯುವ ತಗಡಿಗೆ ಅರ್ಥಿಂಗ್ ಬಿಗಿಯುವುದು, ಜೋಡಣೆಗಳನ್ನು ಬರೀ ಹೊಸೆದು ಟೇಪ್ ಸುತ್ತದೆ ಕ್ರಿಂಪ್ ಮಾಡುವುದು, ಅಂದರೆ ಲೋಹದ ತುದಿಯೊಳಗೆ ಇಕ್ಕಳದಿಂದ ಒತ್ತಿ ಬಿಗಿಯುವುದು, ಎಂಜಿನ್ ಕೋಣೆಯಿಂದ ಒಳಗೆ ವೈರು ಹಾಯುವಲ್ಲಿ ರಬ್ಬರ್ ಬುಶ್ ಹಾಕುವುದು, ಉಳಿದ ದಾರಿಯುದ್ದಕ್ಕೂ ಪ್ಲಾಸ್ಟಿಕ್ ಕೊಳವೆಯೊಳಗೆ ವೈರು ಸಾಗಿಸುವುದು, ಇಷ್ಟನ್ನು ನಿಮ್ಮ ವೈರಮನ್ ಬೇಸರಿಸದೆ ಮಾಡಿದರೆ ಆ ಕೆಲಸ ವರ್ಷಗಟ್ಟಲೆ ಬಾಳುತ್ತದೆ.

ಕೆಲಸ ಇಲ್ಲಿಗೆ ಮುಗಿಯಿತೆಂದು ಹಣ ಕೊಟ್ಟು ಹೊರಟುಬಿಡಬಾರದು. ಬೆಳಕಿನ ದಿಕ್ಕನ್ನು ಹೊಂದಿಸದ ದೀಪ ಹಾಕಿಸದಿದ್ದುದಕ್ಕಿಂತ ಕೆಟ್ಟದ್ದು. ಸಮತಟ್ಟಾದ ನೆಲ, ಒಂದು ಖಾಲಿ ಗೋಡೆ, ಸೀಮೆಸುಣ್ಣ, ಅಳತೆ ಟೇಪು ಇದ್ದರೆ ಸಾಕು. ಟಯರಿನ ಗಾಳಿ ಸರಿಯಿರಲಿ, ದಿನವೂ ಕೂರುವಷ್ಟು ಜನ ಒಳಗೆ ಕೂತಿರಲಿ. ಕಾರನ್ನು ಗೋಡೆಯಿಂದ ೨೫ ಅಡಿ ದೂರ ನಿಲ್ಲಿಸಿ, ನೆಲದಿಂದ ದೀಪದ ನಡುಬಿಂದುವಿನ ಎತ್ತರವನ್ನು ಅಳೆದು ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಅಡ್ಡಗೆರೆ ಎಳೆಯಿರಿ. ಅದಕ್ಕಿಂತ ನಾಲ್ಕು ಇಂಚು ಕೆಳಗೆ ಇನ್ನೊಂದು ಗೆರೆ ಎಳೆಯಿರಿ. ಕತ್ತಲಾದ ಮೇಲೆ ಒಂದು ದೀಪವನ್ನು ಬಟ್ಟೆಯಿಂದ ಮುಚ್ಚಿ ಇನ್ನೊಂದನ್ನು ಹಚ್ಚಿದರೆ ಗೋಡೆಯ ಮೇಲೆ ಕೆಳಗೆ ಬೆಳಕು, ಮೇಲೆ ಕತ್ತಲೆ, ನಡುವೆ ಚೂಪಾದ ಗಡಿ ಕಾಣಿಸುತ್ತದೆ. ಆ ಗಡಿಯು ಕೆಳಗಿನ ಗೆರೆಯ ಮೇಲೆ ಕೂರುವವರೆಗೆ ತಿರುಪನ್ನು ತಿರುಗಿಸಿ, ನಂತರ ಮತ್ತೊಂದು ದೀಪಕ್ಕೂ ಹಾಗೆಯೇ ಮಾಡಬೇಕು. ಯಾವ ಗಡಿಯೂ ಇಲ್ಲದೆ ಗೋಡೆಯ ತುಂಬ ಬೆಳಕು ಚೆಲ್ಲಿದರೆ ಅದು ಮಂಜಿನ ದೀಪವೇ ಅಲ್ಲ. ಎಷ್ಟೇ ಅಗ್ಗವಾಗಿದ್ದರೂ ಅದನ್ನು ಹಿಂದಿರುಗಿಸಿಬಿಡಿ. ಹ್ಯಾಲೊಜನ್‌ಗೆಂದು ಮಾಡಿದ, ಬೆಳಕನ್ನು ಪ್ರತಿಫಲಿಸುವ ಬಟ್ಟಲಿನಲ್ಲಿ ಎಲ್‌ಇಡಿ ಬಲ್ಬ್ ತುರುಕಿದಾಗಲೂ ಹೀಗೆಯೇ ಆಗುತ್ತದೆ, ಏಕೆಂದರೆ ಬೆಳಕು ಹುಟ್ಟುವ ಬಿಂದು ತಂತಿಯಿದ್ದ ಜಾಗದಿಂದ ಕದಲಿರುತ್ತದೆ.

ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ಚದುರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದೂ ಅದಕ್ಕಾಗಿಯೇ. ಹಳದಿಯ ಉಪಯೋಗ ಬೇರೆಯೇ ಇದೆ: ಕಣ್ಣನ್ನು ಹೆಚ್ಚು ಕಾಡುವ ನೀಲಿ ಅಂಶ ಅದರಲ್ಲಿಲ್ಲ, ಹಾಗಾಗಿ ಹಿಂದಿರುಗಿ ಬಂದ ಬೆಳಕು ಅಷ್ಟಾಗಿ ಚುಚ್ಚುವುದಿಲ್ಲ. ಫ್ರಾನ್ಸ್ ದೇಶದಲ್ಲಿ ೧೯೯೩ರವರೆಗೂ ಕಾರುಗಳ ಹೆಡ್‌ಲೈಟ್ ಹಳದಿಯಾಗಿಯೇ ಇರಬೇಕೆಂಬ ಕಾನೂನು ಇತ್ತು. ನೀಲಿ ಛಾಯೆಯ ಬಿಳಿ ಎಲ್‌ಇಡಿಗಿಂತ ಹಳದಿಯನ್ನೋ ಬೆಚ್ಚನೆಯ ಬಿಳಿಯನ್ನೋ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಮಂಜು, ಜೋರು ಮಳೆ, ಧೂಳು ಇಲ್ಲದ ರಾತ್ರಿ ಈ ದೀಪಗಳು ಆರಿರಬೇಕು. ಮಳೆಯಲ್ಲಿ ನೆನೆದ ರಸ್ತೆ ಕನ್ನಡಿಯಾಗಿ ಕೆಳಗಿನ ಬೆಳಕನ್ನೂ ಎದುರಿನವರ ಕಣ್ಣಿಗೆ ಎತ್ತಿ ಕೊಡುವುದರಿಂದ, ಮಳೆ ಹಗುರಾದ ಕೂಡಲೇ ಸ್ವಿಚ್ ಒತ್ತಿ ಆರಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಎಲ್‌ಇಡಿಯ ಗಾಜು ಹ್ಯಾಲೊಜನ್‌ನಂತೆ ಬಿಸಿಯಾಗದ ಕಾರಣ ಅದರ ಮೇಲಿನ ಕೆಸರು, ತೇವ ತಾನಾಗಿ ಒಣಗುವುದಿಲ್ಲ. ಹೊರಡುವಾಗ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹೊಸದಾಗಿ ಕೂರಿಸಿದ ಬ್ರಾಕೆಟಿನ ನಟ್ಟುಗಳು ನಮ್ಮ ಹಳ್ಳಿ ರಸ್ತೆಗಳ ಅಲುಗಾಟಕ್ಕೆ ಹದಿನೈದು ದಿನದಲ್ಲಿ ಸಡಿಲಾಗುವುದುಂಟು. ಸ್ಪ್ರಿಂಗ್ ವಾಷರ್ ಹಾಕಿ ಅವನ್ನು ಮತ್ತೊಮ್ಮೆ ಬಿಗಿದು, ಅದೇ ಸಂಜೆ ಬೆಳಕಿನ ಗಡಿ ಗೋಡೆಯ ಗೆರೆಯ ಮೇಲೆಯೇ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ನಮಸ್ಕಾರ.