ಸುಡುಗಾಡಿನ ಸೀನು: ಚಂದ್ರಮತಿಯ ಪ್ರಶ್ನೆ ಕೊನೇ ಸಾಲಿಗೂ ಕೇಳಿಸಬೇಕು

[ದೃಶ್ಯ: ಜಾತ್ರೆಯ ನಾಟಕದ ಅಟ್ಟ, ರಾತ್ರಿ]

ನಮಸ್ಕಾರ. ದಾವಣಗೆರೆ, ಚಿತ್ರದುರ್ಗದ ಕಡೆ ಹರಿಶ್ಚಂದ್ರನ ನಾಟಕ ಕಟ್ಟುವ ಊರ ತಂಡಗಳಿಗಾಗಿ ಈ ವಿಡಿಯೋ. ಒಂದೇ ಒಂದು ಸೀನಿನ ಬಗ್ಗೆ ಮಾತಾಡೋಣ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಚಂದ್ರಮತಿ ಕಾಶಿಯ ಸುಡುಗಾಡಿಗೆ ಬರುತ್ತಾಳೆ. ಅಲ್ಲಿ ಕಾವಲಿಗಿರುವವನು ಅವಳ ಗಂಡನೇ. ತೆರಿಗೆ ಕೊಡದೆ ಹೆಣ ಸುಡುವಂತಿಲ್ಲ ಅನ್ನುತ್ತಾನೆ. ದೇವರಿದ್ದೂ ಇದೆಲ್ಲ ಯಾಕಾಯಿತು ಎಂದು ನೋಡುವವರ ಎದೆಯಲ್ಲಿ ಏಳಬೇಕಾದ ಜಾಗ ಇದು. ಎಷ್ಟೋ ಕಡೆ ಅದು ಗದ್ದಲದಲ್ಲಿ ಕಳೆದುಹೋಗುತ್ತದೆ.

ಮೊದಲು ಕಥೆಯ ಒಳಗನ್ನು ನೋಡಿ. 13ನೇ ಶತಮಾನದ ರಾಘವಾಂಕ ಇದನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಇಂದ್ರನ ಸಭೆಯಲ್ಲಿ ವಸಿಷ್ಠ, ವಿಶ್ವಾಮಿತ್ರರಿಗೆ ಹಟ ಹತ್ತುತ್ತದೆ. ಅದರ ಬೆಲೆ ತೆರುವವರು ಭೂಮಿಯ ಮೇಲಿನ ಮೂವರು. ಹರನೇ ಸತ್ಯ, ಸತ್ಯವೇ ಹರ ಎಂಬುದು ಕಾವ್ಯದ ಬುನಾದಿ. ಹಾಗಾಗಿ ಹರಿಶ್ಚಂದ್ರ ತೆರಿಗೆ ಬಿಡದೆ ನಿಂತಾಗ ಅವನು ದೇವರನ್ನೇ ಹಿಡಿದು ನಿಂತಿದ್ದಾನೆ. ಅವನ ಮಟ್ಟಿಗೆ ಅದು ತಾನೇ ಒಪ್ಪಿಕೊಂಡ ಕಷ್ಟ. ದರ್ಭೆ ತರಲು ಹೋದ ಹುಡುಗ ಲೋಹಿತಾಶ್ವ ಏನನ್ನು ಒಪ್ಪಿಕೊಂಡಿದ್ದ? ಈ ಪ್ರಶ್ನೆಯನ್ನು ಹೊತ್ತವಳು ಚಂದ್ರಮತಿ. ಅದಕ್ಕೇ ಈ ಸೀನು ಅವಳದು, ಗಂಡನದಲ್ಲ. ಜೊತೆಗೆ ಇನ್ನೊಂದು: ಕಾಶಿಯೂ ಶಿವನದು, ಸುಡುಗಾಡೂ ಶಿವನದು. ಅವನ ಮನೆಯಂಗಳದಲ್ಲೇ ಕುಳಿತು ಅವಳು ಅಳುತ್ತಿದ್ದಾಳೆ.

[ದೃಶ್ಯ: ಶಿಲುಬೆಯ ಮೇಲಿನ ಕ್ರಿಸ್ತನ ವರ್ಣಚಿತ್ರ]

ಇದೇ ಪ್ರಶ್ನೆಯನ್ನು ದೂರದ ಯುರೋಪಿನ ಇಸೆನ್‌ಹೈಮ್‌ ಎಂಬ ಊರಲ್ಲಿ ಗ್ರೂನೆವಾಲ್ಡ್ ಎಂಬ ಚಿತ್ರಕಾರ ಎದುರಿಸಿದ. 1512ರಿಂದ 1516ರ ನಡುವೆ ಅವನು ಚಿತ್ರ ಬರೆದದ್ದು ಒಂದು ಮಠಕ್ಕೆ. ಅಲ್ಲಿನ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ರೈ ಧಾನ್ಯದ ತೆನೆಗೆ ಹತ್ತುವ ಶಿಲೀಂಧ್ರದ ವಿಷದಿಂದ ಮೈ ಉರಿದು, ಕೈಕಾಲು ಕಪ್ಪಾಗಿ ಕೊಳೆಯುತ್ತಿದ್ದ ರೋಗಿಗಳಿದ್ದರು. ಅವನ ಕ್ರಿಸ್ತನ ಚರ್ಮ ಹಸಿರುಗಟ್ಟಿದೆ, ಮೈತುಂಬ ಹುಣ್ಣು. ರೋಗ ಯಾಕೆ ಬಂತು ಎಂದು ಚಿತ್ರ ಹೇಳುವುದಿಲ್ಲ. ದೇವರನ್ನೂ ರೋಗಿಗಳ ಸಾಲಿಗೆ ತಂದು ನಿಲ್ಲಿಸುತ್ತದೆ, ಅಷ್ಟೇ. ನಮ್ಮ ಕಥೆಯಲ್ಲಿ ಶಿವ ಕೊನೆಗೆ ಬಂದೇ ಬರುತ್ತಾನೆ. ಆದ್ದರಿಂದ ನಮ್ಮ ಕಷ್ಟ ಬೇರೆ: ಅವನು ಬರುವುದಕ್ಕೆ ಮುಂಚಿನ ಹೊತ್ತನ್ನು ಪೂರ್ತಿ ತುಂಬಬೇಕು.

[ದೃಶ್ಯ: ಅಟ್ಟದ ಅಳತೆ, ಬದಿಯಿಂದ]

ಈಗ ಕೆಲಸದ ಮಾತು. ಅಟ್ಟ ನಾಲ್ಕಡಿ ಎತ್ತರ, ಜನ ನೆಲದ ಮೇಲೆ. ಹುಡುಗನನ್ನು ಹಲಗೆ ಮೇಲೆಯೇ ಮಲಗಿಸಿದರೆ ಮುಂದಿನ ಸಾಲಿಗೆ ಅವನು ಕಾಣುವುದಿಲ್ಲ. ತಾಯಿ ಬರೀ ನೆಲ ನೋಡಿ ಅತ್ತಂತಾಗುತ್ತದೆ. ಸಾಣೇಹಳ್ಳಿಯ ಬಯಲು ರಂಗಮಂದಿರದಂತೆ ಮೆಟ್ಟಿಲ ಮೇಲೆ ಕೂತು ಕೆಳಗೆ ನೋಡುವ ಕಡೆ ಈ ತೊಂದರೆ ಇಲ್ಲ. ಊರ ಅಟ್ಟದಲ್ಲಾದರೆ ಹಿಂದುಗಡೆ ಒಂದೂವರೆ ಅಡಿ, ಮುಂದುಗಡೆ ಅರ್ಧ ಅಡಿ ಎತ್ತರದ ಇಳಿಜಾರು ಹಲಗೆ ಮಾಡಿಸಿ ಕಪ್ಪು ಬಟ್ಟೆ ಹೊದಿಸಿ. ಹುಡುಗನ ತಲೆ ಒಂದು ಬದಿಗಿರಲಿ, ಎದೆ ಮೇಲೆ ತಾಯಿಯ ಸೆರಗು ಬೀಳಲಿ. ಉಸಿರಾಟ ಕಾಣುವುದಿಲ್ಲ.

ಮೈಕು ದೊಡ್ಡ ಶತ್ರು. ಮೇಲಿಂದ ತೂಗುಬಿಟ್ಟ ಮೈಕು ನಿಂತವರ ಬಾಯಿಗೆ ಸರಿ. ಚಂದ್ರಮತಿ ಕೂತಳೆಂದರೆ ದನಿ ಹೋಯಿತು. ಆಗ ಸೌಂಡಿನವರು ವಾಲ್ಯೂಮ್ ಏರಿಸುತ್ತಾರೆ, ಮೈಕು ಕೂಗುತ್ತದೆ, ಜನ ನಗುತ್ತಾರೆ. ಪರದೆ ಬಿದ್ದಾಗಲೇ ನಡುವಿನ ಮೈಕನ್ನು ಹಲಗೆಯಿಂದ ಮೂರಡಿಗೆ ಇಳಿಸಿ, ಅಥವಾ ಸ್ಪಾಂಜ್ ತೊಡಿಸಿದ ಒಂದನ್ನು ಕಟ್ಟಿಗೆ ರಾಶಿಯೊಳಗೆ ಬಚ್ಚಿಡಿ.

ಹಾಡಿಗೆ ಜೋಗಿಯಾ ರಾಗ ಆಗಲಿ ಮುಖಾರಿ ಆಗಲಿ, ಮಾಸ್ತರು ಆರಿಸಲಿ. ಆದರೆ ಮೊದಲ ಎರಡು ಸಾಲಿಗೆ ತಬಲಾ ಬೇಡ, ಹಾರ್ಮೋನಿಯಂ ಬರೀ ಶ್ರುತಿ ಹಿಡಿಯಲಿ. ಶ್ರುತಿಯನ್ನು ಅರ್ಧ ಮನೆ ಇಳಿಸಿದರೆ ಅಳುವ ದನಿ ಕಿರುಚಾಗುವುದಿಲ್ಲ. ಹಾಗೆ ಮಾಡುವುದಾದರೆ ಇಳಿದ ಶ್ರುತಿಗೆ ಹೊಂದಿಸಿದ ಇನ್ನೊಂದು ತಬಲಾ ಮೊದಲೇ ಸಿದ್ಧವಿರಬೇಕು. ನಡುವೆ ಸುತ್ತಿಗೆ ಸದ್ದು ಕೇಳಬಾರದು. ಒನ್ಸ್ ಮೋರ್ ಎಂದರೂ ಈ ಹಾಡನ್ನು ಮತ್ತೆ ಹಾಡಬೇಡಿ. ನೋಟು ಕೊಟ್ಟವರ ಹೆಸರು ಕೂಗುವುದು ಈ ಸೀನಿನಲ್ಲಿ ಇಲ್ಲ ಎಂದು ಊರ ಹಿರಿಯರಿಂದಲೇ ಮೊದಲು ಹೇಳಿಸಿ. ದಾನಿಗಳಿಗೆ ಬೇಸರವಾಗದಂತೆ ಹಿಂದಿನ ಸೀನು ಮುಗಿದಾಗ ಎಲ್ಲ ಹೆಸರು ಒಟ್ಟಿಗೆ ಓದಿ.

ಬೆಳಕಿಗೆ ಒಂದೇ ಬದಿಯಿಂದ, ತಗ್ಗಿನಲ್ಲಿಟ್ಟ ಹಳದಿ ಲೈಟು ಸಾಕು. ನೀಲಿ ಲೈಟು, ಹೊಗೆ ಎರಡೂ ಸೇರಿದರೆ ಸುಡುಗಾಡು ದೇವಲೋಕದಂತೆ ಕಾಣುತ್ತದೆ.

[ದೃಶ್ಯ: ಎತ್ತಿದ ಕತ್ತಿ]

ಇನ್ನು ಶಿವನ ಪ್ರವೇಶ. ಮಗನನ್ನು ಕಳೆದುಕೊಂಡವಳ ಮೇಲೆಯೇ ಕಾಶಿರಾಜನ ಮಗುವನ್ನು ಕೊಂದ ಆರೋಪ ಬರುತ್ತದೆ, ಗಂಡನೇ ಅವಳ ತಲೆಗೆ ಕತ್ತಿ ಎತ್ತುತ್ತಾನೆ. ಎತ್ತಿದ್ದೇ ತಡ ಪಟಾಕಿ ಹೊಡೆದು ಶಿವನನ್ನು ತಂದರೆ ಚಂದ್ರಮತಿ ಕೇಳಿದ್ದೆಲ್ಲ ಸುಳ್ಳಾಗಿ ಹೋಗುತ್ತದೆ. ಕತ್ತಿ ಮೇಲೆಯೇ ನಿಲ್ಲಲಿ. ಮನಸ್ಸಿನಲ್ಲಿ ಎಂಟು ಎಣಿಸುವವರೆಗೆ ವಾದ್ಯವೂ ಬೇಡ, ಮಾತೂ ಬೇಡ. ಶಿವನ ಪಾತ್ರಧಾರಿ ವರ ಕೊಡುವ ಮುನ್ನ ಹುಡುಗನ ಕಡೆ ನೋಡಲಿ. ಮಗ ಎದ್ದಾಗ ತಾಯಿ ಮೊದಲು ಅವನಿಗೆ ಹಾವು ಕಚ್ಚಿದ ಜಾಗ ಮುಟ್ಟಿ ನೋಡಲಿ. ಕೈ ಮುಗಿಯುವುದು ಆಮೇಲೆ.

ತಾಲೀಮು ಇಂದ್ರನ ಸಭೆಯಿಂದ ಶುರುವಾಗಿ, ಈ ಸೀನಿಗೆ ಬರುವಷ್ಟರಲ್ಲಿ ಜಾತ್ರೆ ಹತ್ತಿರವಾಗಿರುತ್ತದೆ. ಹಾಗೆ ಬಿಡಬೇಡಿ. ಒಂದು ತಿಂಗಳ ತಾಲೀಮಾದರೆ ಮೊದಲ ವಾರವೇ ಸುಡುಗಾಡನ್ನು ಎತ್ತಿಕೊಳ್ಳಿ, ಇಳಿಜಾರು ಹಲಗೆಯನ್ನೂ ಅವತ್ತೇ ಬಡಗಿಗೆ ಹೇಳಿ.